ಕೆಳಗಿನ ನಳಿಗೆಯ ಪಿನ್ನು

ಕ್ಯಾಸಂಬಳ್ಳಿ
೮ ಸೆಪ್ಟೆಂಬರ್ ೨೦೨೫, ಸೋಮವಾರ

ತಂಗಿ ಶ್ಯಾಮಲಾಗೆ,

ನೀನು ಫೋನಿನಲ್ಲಿ ಎರಡು ಮಾತು ಆಡಿದ್ದಿದ್ದರೆ ನನಗೆ ಈ ಬರೆಯುವ ಕರ್ಮ ಬರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವನು ನಾನು. ಅರವತ್ತಮೂರನೇ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಒತ್ತು ಎಲ್ಲಿ, ದೀರ್ಘ ಎಲ್ಲಿ ಅಂತ ಒದ್ದಾಡಬೇಕು. ಮೂರು ಸಲ ಫೋನು ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡಿದೆ. ಕಾಗದವನ್ನು ಹಾಗೆ ಮಾಡೋಕಾಗಲ್ಲ. ಹರಿದುಹಾಕಬಹುದು, ಆದರೆ ಓದಿ ಹರಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮತ್ತಿಗೆಗೆ ಮಂಡಿನೋವು, ಬಾಯಿಗೆ ಏನೂ ಆಗಿಲ್ಲ. ಎರಡು ಹಸು ಹಾಲು ಕೊಡುತ್ತಿವೆ. ರಾಗಿ ಚೆನ್ನಾಗಿ ಬಂದಿದೆ, ಹಂದಿ ಬಿಟ್ಟರೆ ನಮಗೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇಪ್ಪತ್ತೇಳು ವರ್ಷವನ್ನು ತಡ ಅಂತ ಒಪ್ಪಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚು ಬೈಯಬೇಡ.

ಈಗ ವಿಷಯಕ್ಕೆ ಬರುತ್ತೇನೆ. ತಾತನ ಬಂದೂಕು ಬದುಕಿತು ಕಣಮ್ಮ! ಮೊನ್ನೆ ಶುಕ್ರವಾರ ಕಣ್ಣಾರೆ ನೋಡಿಕೊಂಡು ಬಂದೆ. ರೈಲಿನಲ್ಲಿ ಬೆಂಗಳೂರಿಂದ ಬಂಗಾರಪೇಟೆವರೆಗೆ ಒಬ್ಬನೇ ನಗುತ್ತಾ ಕೂತಿದ್ದೆ. ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು.

ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂದರು ಪೊಲೀಸಿನವರು. ಲೈಸೆನ್ಸು ನನ್ನ ಹೆಸರಿಗೆ ಬರೋವರೆಗೂ ಬೆಂಗಳೂರಿನ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿದೆ. ಅಲ್ಲಿ ರಿಪೇರಿ ಮಾಡುವವರು ಚಲಪತಿ ಅಂತ, ನನಗಿಂತ ವಯಸ್ಸಾದವರು, ನನಗಿಂತ ಸಿಡುಕು. ಬಂದೂಕು ನೋಡಿ, "ಪಕ್ಕಪಕ್ಕ ನಳಿಗೆ ಇರೋವು ಬೇಕಾದಷ್ಟು ಬರ್ತವೆ. ಮೇಲೊಂದು ಕೆಳಗೊಂದು ನಳಿಗೆ, ಅದೂ ಇಷ್ಟು ಹಳೇದು! ಯಾರು ಕೊಟ್ರು ನಿಮಗೆ?" ಅಂದರು. ಗಣಿಯ ದೊರೆ ಊರು ಬಿಡುವಾಗ ತಾತನಿಗೆ ಕೊಟ್ಟುಹೋದ ಅಂದೆ. ಆಮೇಲೆ ಬಿಚ್ಚಿ ನೋಡಿದರು ನೋಡು, ಬೈಗುಳ ಶುರುವಾಯಿತು.

"ಇದೇನ್ರೀ ಒಳಗೆಲ್ಲ ಕೆಂಪು ಗೊಜ್ಜು? ತುಕ್ಕು ಅಂದ್ಕೊಂಡ್ರೆ ಕುಂಕುಮ! ಬಂದೂಕಿನ ಹೊಟ್ಟೆಗೂ ಕುಂಕುಮ ಇಡ್ತೀರಾ?"

ಆಯುಧಪೂಜೆಗೆ ಇಡುತ್ತಿದ್ದೆವು, ನಿಂಬೆಹಣ್ಣೂ ಹಿಂಡುತ್ತಿದ್ದೆವು ಅಂದೆ. ಪೂಜೆ ಆದ ಮೇಲೆ ಖಾಲಿ ಬಂದೂಕನ್ನು ಆಕಾಶಕ್ಕೆ ಹಿಡಿದು ಎರಡು ನಳಿಗೆಯ ಕುದುರೆಯನ್ನೂ ಎಳೆದು ಟಕ್ ಟಕ್ ಅನಿಸುತ್ತಿದ್ದೆವು, ತೋಟಾ ದಂಡ ಮಾಡಬಾರದು ಅಂತ ತಾತ ಮಾಡಿದ ಪದ್ಧತಿ ಅಂತ ಹೆಮ್ಮೆಯಿಂದ ಬೇರೆ ಹೇಳಿದೆ. ಅವರು ತಲೆ ಚಚ್ಚಿಕೊಂಡರು.

"ಅದಕ್ಕೇ ಮುರ್ದೈತೆ! ಇಂಥ ಹಳೇ ಬಂದೂಕನ್ನ ಖಾಲಿ ಹೊಡೆದರೆ ಪಿನ್ನು ಮುರಿಯುತ್ತೆ ಅಂತ ಗೊತ್ತಿಲ್ವಾ? ಕೆಳಗಿನ ನಳಿಗೇಗೆ ಪಿನ್ನೇ ಇಲ್ಲ. ಎಷ್ಟು ವರ್ಷದಿಂದ ಇಲ್ವೋ ದೇವರಿಗೇ ಗೊತ್ತು."

ಪಿನ್ನು ಅಂದರೆ ತೋಟಾದ ತಳಕ್ಕೆ ಹೊಡೆಯುವ ಸೂಜಿ. ಅದಿಲ್ಲದಿದ್ದರೆ ಬಂದೂಕು ಒನಕೆ.

ಒಳಗೆ ಉಳಿದಿದ್ದ ಮುರುಕು ಪಿನ್ನಿನ ಚೂರನ್ನು ಪೇಪರಿನಲ್ಲಿ ಕಟ್ಟಿಕೊಂಡು ಎರಡು ತಿಂಗಳು ಅಲೆದೆ. ಅಂಥದ್ದನ್ನು ಮಾಡುವ ಕಂಪನಿ ಮುಚ್ಚಿಯೇ ಎಷ್ಟೋ ಕಾಲವಾಗಿದೆಯಂತೆ. ಕೊಯಮತ್ತೂರಿನ ಅಂಗಡಿಯವನು ಫೋಟೋ ಕಳಿಸಿ ಅಂದ, ಕಳಿಸಿದರೆ ಇದು ಯಾವ ಕಾಲದ್ದು ಸಾರ್ ಅಂತ ನಗುತ್ತಾನೆ. ರಾಬರ್ಟ್‌ಸನ್‌ಪೇಟೆಯ ಗುಜರಿಯವನು ಛತ್ರಿ ಕಡ್ಡಿ ಕತ್ತರಿಸಿ ಹಾಕ್ಕೊಳ್ಳಿ ಅಂದ. ಅವನಿಗೆ ಹೊಡೆಯೋದೊಂದು ಬಾಕಿ. ಸ್ಪ್ರಿಂಗನ್ನು ಮಾತ್ರ ಚಲಪತಿಯವರೇ ಯಾವುದೋ ಸತ್ತ ಬಂದೂಕಿನಿಂದ ಕಿತ್ತುಕೊಟ್ಟರು. "ಲೇತ್ ಮೇಲೆ ಕೂದಲೆಳೆ ಲೆಕ್ಕ ತಪ್ಪದಿರೋ ಕೈ ಇದ್ರೆ ಪಿನ್ನು ಕಡೆಸ್ಕೊಂಡು ಬನ್ನಿ. ಹದ ಕೊಟ್ಟು ಕೂರಿಸೋದು ನನ್ನ ಕೆಲಸ," ಅಂದರು.

ಬಂಗಾರಪೇಟೆಯಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು: ಮೈನ್ಸಿನ ಆರುಮುಗಂ. ನಿನ್ನ ಗಂಡ.

ಕೋಪ ಮಾಡಿಕೊಳ್ಳಬೇಡ. ನಿನಗೆ ಹೇಳಬೇಡ ಅಂತ ಅವನೇ ಅಂದಿದ್ದ, ನಾನು ಹೇಳುತ್ತಿದ್ದೇನೆ. ಮೊದಲನೇ ದಿನ ಲೇತ್ ಅಂಗಡಿ ಮುಂದೆ ಹಾದು ವಾಪಸ್ ಬಂದೆ. ಎರಡನೇ ದಿನ ಎದುರಿನ ಪಾನಿಪುರಿ ಗಾಡಿ ಹತ್ತಿರ ನಿಂತೆ. ಮೂರನೇ ದಿನವೂ ಅಲ್ಲೇ ನಿಂತಿದ್ದಾಗ ಅವನು ಮಿಷನ್ ನಿಲ್ಲಿಸಿ ಕೂಗಿದ.

"ಏನ್ ಮಚ್ಚಾನ್, ಇನ್ನೂ ಎಷ್ಟು ದಿನ ಪಾನಿಪುರಿ ತಿಂತೀಯ? ಒಟ್ಟೆ ಕೆಟ್ಟೋಗ್ತದೆ. ಒಳಗ್ ಬಾ."

ಭಾವ ಅನ್ನೋ ಹಾಗೆ ಮಚ್ಚಾನ್ ಅಂದ ಕಣೇ ನನ್ನನ್ನು! ನಾನು ಪೊಟ್ಟಣ ಬಿಚ್ಚಿ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ ಬೆಳಕಿಗೆ ಹಿಡಿದ.

"ಇದು ಈಗ ಮುರ್ದಿದ್ದಲ್ಲ. ಮುರಿದ ಬಾಯಿ ಎಂಗೆ ಕರ್ರಗಾಗೈತೆ ನೋಡು. ಎಷ್ಟು ವರ್ಷ ಆಯ್ತು?"

"ನಂಗೇನ್ ಗೊತ್ತು? ನಾನೇನ್ ಒಳಗೆ ಕುಂತು ನೋಡಿದ್ನಾ?" ಅಂತ ರೇಗಿದೆ.

"ಮೇಲಿನ ನಳಿಗೇದಾ, ಕೆಳಗಿಂದಾ?"

"ಕೆಳಗಿಂದು."

ಅವನು ಆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ನೋಡಿದ. ಆಮೇಲೆ ಡಬ್ಬಿಯಿಂದ ಒಂದು ಉಕ್ಕಿನ ತುಂಡು ತೆಗೆದ. ಗಣಿ ಮುಚ್ಚಿದ ದಿನ ಜೇಬಿನಲ್ಲಿ ಹಾಕಿಕೊಂಡು ಬಂದ ಡ್ರಿಲ್ ರಾಡಿನ ಚೂರಂತೆ. "ಬಂಡೆ ಕೊರ್ದಿದ್ದು ಇದು, ನಿನ್ ತೋಟಾ ಯಾವ ಲೆಕ್ಕ," ಅಂದ. ಎರಡು ಕೆಡಿಸಿದ, ಮೂರನೆಯದು ಸರಿಯಾಯಿತು. ಎಷ್ಟು ಕೊಡಲಿ ಅಂದರೆ, ಟೀ ಕುಡಿಸು ಅಂದ. ಟೀ ಕುಡಿದೆವು. ನಿನ್ನ ವಿಷಯ ಕೇಳಿದೆ. "ಅವಳು ನಿನ್ ತರಾನೇ, ಬಾಯಿ ಬಿಟ್ರೆ ಬೆಂಕಿ. ಎಂಗೋ ನಡೀತೈತೆ," ಅಂದ.

ಶುಕ್ರವಾರ ಚಲಪತಿಯವರು ಪಿನ್ನು ಕೂರಿಸಿ, ಮದ್ದು ಗುಂಡು ತೆಗೆದ ತೋಟಾ ಹಾಕಿ ನೋಡಿದರು. ಪಟ್ ಅಂತು! ತೆಗೆದು ತೋರಿಸಿದರು. ಹಿತ್ತಾಳೆ ತಳದ ನಟ್ಟನಡುವೆ ಗುಂಡಗೆ ಒಂದು ಗುಳಿ, ಹೆಸರುಕಾಳಿನಷ್ಟು. "ಯಾರ್ರೀ ಕಡೆದಿದ್ದು? ಕರ್ಕೊಂಡ್ ಬನ್ನಿ ನನ್ ಹತ್ರಕ್ಕೆ!" ಅಂತ ಮೊದಲನೇ ಸಲ ನಕ್ಕರು. ನಮ್ಮ ಭಾವ ಅಂದೆ. ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ ಗೊತ್ತಿಲ್ಲ.

ಮರದ ಹಿಡಿಗೂ ಎಣ್ಣೆ ಕುಡಿಸಿದ್ದಾರೆ, ಜೇನಿನ ಬಣ್ಣ ಬಂದಿದೆ. ನೀನು ನೋಡಬೇಕು.

ಈಗ ಉಳಿದಿರೋದು ನಿನ್ನ ಸಹಿ. ಅಪ್ಪನಿಗೆ ಇರೋ ಮಕ್ಕಳು ನಾವಿಬ್ಬರೇ. ಲೈಸೆನ್ಸು ಅಣ್ಣನಿಗೆ ಕೊಡೋಕೆ ನನ್ನ ತಕರಾರಿಲ್ಲ ಅಂತ ನೀನು ಬರೆದುಕೊಡದೆ ಡಿ.ಸಿ. ಆಫೀಸಿನವರು ಫೈಲು ಮುಟ್ಟಲ್ಲ. ಫಾರಂ ಇದರ ಜೊತೆ ಇಟ್ಟಿದ್ದೇನೆ. ನೀನು ಕೊಡದಿದ್ದರೆ ಬಂದೂಕು ಸರ್ಕಾರಕ್ಕೆ ಹೋಗುತ್ತೆ.

ಮಕ್ಕಳಿಗೂ ಆರುಮುಗಂಗೂ ದೇವರು ಒಳ್ಳೇದು ಮಾಡಲಿ. ನಿನಗೂ.

ನಿನ್ನ ಅಣ್ಣ,
ಮುನಿಸ್ವಾಮಪ್ಪ

ಇನ್ನೊಂದು ಮಾತು. ಇದನ್ನು ಓದದೆ ಸಹಿ ಹಾಕಬೇಡ.

ಆರುಮುಗಂ ನಿನ್ನನ್ನು ಕೇಳೋಕೆ ನಮ್ಮ ಮನೆ ಅಂಗಳಕ್ಕೆ ಬಂದ ದಿನ ನಾನು ಅವನ ಎದೆಗೆ ಬಂದೂಕು ಹಿಡಿದು ಕುದುರೆ ಎಳೆದೆ. ಟಕ್ ಅಂತು, ಅಷ್ಟೆ. ಅಪ್ಪ ಕಿತ್ತುಕೊಂಡು, ನಳಿಗೆ ಮಡಿಸಿ ಒಳಗೆ ನೋಡಿ, "ಖಾಲಿ ಐತೆ ಬಿಡ್ರಿ, ಎದರಿಸೋಕೆ ಇಡ್ಕೊಂಡವ್ನೆ," ಅಂದ. ಖಾಲಿ ಬಂದೂಕು ತೋರಿಸಿ ನನ್ನ ಗಂಡನ ಮಾನ ತೆಗೆದೆ ಅಂತ ನೀನು ಅವತ್ತಿನಿಂದ ಮಾತು ಬಿಟ್ಟೆ.

ಖಾಲಿ ಇರಲಿಲ್ಲ ಶ್ಯಾಮಲಾ. ಕೆಳಗಿನ ನಳಿಗೆಯಲ್ಲಿ ತೋಟಾ ಇತ್ತು. ನಾನೇ ತುಂಬಿದ್ದೆ. ಅಪ್ಪ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೂಕನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಪೂಜೆಗೂ ಇಳಿಸಲಿಲ್ಲ, ಸಾಯೋವರೆಗೂ ಆ ಮಾತು ಎತ್ತಲಿಲ್ಲ. ತೋಟಾ ಹಳೇದು, ಠುಸ್ ಆಯಿತು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅಪ್ಪನ ಟ್ರಂಕಿನಲ್ಲಿ ಅದು ಸಿಕ್ಕಿತು. ಚಲಪತಿಯವರಿಗೆ ತೋರಿಸಿದೆ. ತಳದಲ್ಲಿ ಒಂದು ಗೀರೂ ಇಲ್ಲ. ಪಿನ್ನು ಅದನ್ನು ಮುಟ್ಟೇ ಇಲ್ಲ.

ಆ ದಿನಕ್ಕೆ ಮುಂಚೆ ಕೊನೇ ಸಲ ಕುದುರೆ ಎಳೆದವಳು ನೀನು. ಆ ವರ್ಷದ ಆಯುಧಪೂಜೆ ದಿನ ನನ್ನ ಕೈಯಿಂದ ಕಿತ್ತುಕೊಂಡು, "ಈ ಸಲ ನಂದು," ಅಂತ ಎರಡನ್ನೂ ಟಕ್ ಟಕ್ ಅನಿಸಿದ್ದೆ. ನೆನಪಿದೆಯಾ?

ನಾನು ಕೆಳಗಿಂದು ಅಂದಾಗ ಆರುಮುಗಂಗೆ ಇದೆಲ್ಲ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು. ಅವನು ಕಡೆದುಕೊಟ್ಟ ಪಿನ್ನು ಹಾಕಿಕೊಂಡು, ಅವನಿಗೆ ಸುಳ್ಳು ಹೇಳಿಕೊಂಡು ಆ ಬಂದೂಕನ್ನು ಮನೆಗೆ ತರಲಾರೆ. ಅವನಿಗೆ ನಾನೇ ಬಂದು ಹೇಳಬೇಕೋ, ನೀನು ಹೇಳುತ್ತೀಯೋ, ಅದನ್ನು ಬರೆ. ಸಹಿ ಹಾಕುತ್ತೀಯೋ ಇಲ್ಲವೋ, ಅದನ್ನೂ ಬರೆ. ಹಾಕದಿದ್ದರೆ ಯಾಕೆ ಅಂತ ಕೇಳಲ್ಲ.

ಇಪ್ಪತ್ತನೇ ತಾರೀಕು ಶನಿವಾರದೊಳಗೆ ನನಗೆ ಉತ್ತರ ಬೇಕು.