ಗಾಳಿಪತ್ರಾ

ಮೇ 20, 2024, ಸೋಮವಾರ

ಇವತ್ತೂ ಅದೇ. ಕಮಲಾಪುರದಿಂದ ಕೆಂಪು ಬಾಳೆ ಲೋಡು, ಕಲಬುರಗಿ ಮಾರ್ಕೆಟ್, ವಾಪಸ್ ಖಾಲಿ. ಮಹಾಗಾಂವ ಕ್ರಾಸ್ ದಾಟಿದ ಕೂಡಲೇ ಎದುರುಗಾಳಿ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಮುಂದೆ ಹೋಗಲೊಲ್ಲದು, ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುವ ಹಾಗೆ. ಟ್ಯಾಂಕ್ ಫುಲ್ ಮಾಡಿಸಿ ಮೈಲೇಜ್ ನೋಡಿದೆ. ಲೀಟರಿಗೆ ಹನ್ನೊಂದು. ಶೋರೂಮಿನವರು ಹೇಳಿದ್ದು ಯಾವ ಊರಿನ ಲೆಕ್ಕವೋ ಏನೋ.

ಒಂದು ದೊಡ್ಡ ಲಾರಿ ಪಕ್ಕದಿಂದ ಸಲೀಸಾಗಿ ಓವರ್‌ಟೇಕ್ ಮಾಡಿ ಹೋಯಿತು. ಅದರ ಕ್ಯಾಬಿನ್ ಮೇಲೆ ಇಳಿಜಾರಾದ ಹೊದಿಕೆ. ಆಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನನ್ನ ಪಿಕಪ್ಪಿನಲ್ಲಿ ಕ್ಯಾಬಿನ್ ಗಿಡ್ಡ, ಹಿಂದಿನ ಲೋಡು ಎತ್ತರ. ಗಾಳಿ ಬಂದು ಲೋಡಿನ ಗೋಡೆಗೇ ಬಡಿಯುತ್ತದೆ. ಅಲ್ಲಿ ಒಂದು ಇಳಿಜಾರು ಕೊಟ್ಟರೆ ಮೇಲೆ ಹತ್ತಿ ದಾಟಿ ಹೋಗುತ್ತದೆ. ಇಷ್ಟೇ! ಐಟಿಐಯಲ್ಲಿ ಫಿಟ್ಟರ್ ಓದಿದವನಿಗೆ ಇದು ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಮೇ 24, ಶುಕ್ರವಾರ

ಕಲಬುರಗಿಯ ರೋಜಾ ಬಡಾವಣೆಯಲ್ಲಿ ತಾರಿಖ್‌ನ ವೆಲ್ಡಿಂಗ್ ಅಂಗಡಿ. ನಮಾಜ್ ಮುಗಿಸಿ ಬಂದು ಕೈ ಹಚ್ಚಿದ. ಗೀಚಿ ತೋರಿಸಿದೆ — ಕ್ಯಾಬಿನ್ ಹಿಂದೆ ಎರಡು ಕಬ್ಬಿಣದ ಕಾಲು, ಅವುಗಳ ಮೇಲೆ ಮುಂದಕ್ಕೆ ಬಾಗಿದ ತಗಡಿನ ಪತ್ರಾ. ಕಾಲಿಗೆ ದಪ್ಪ ಪೈಪ್ ಹಾಕೋಣ ಎಂದ. ಬೇಡ ಎಂದೆ. ಭಾರ ಹೆಚ್ಚಾದರೆ ಉಳಿದ ಡೀಸೆಲ್ ಅದಕ್ಕೇ ಹೋಗುತ್ತದೆ.

"ಪ್ರೇಮ್ ಭಾಯ್, ಗಾಳಿ ಪತ್ರಾಕ್ಕ ಬಡೀತದ. ಆದ್ರ ಝಟಕಾ ಹತ್ತೋದು ಕಾಲಿಗಿ."

"ಬರೀ ಗಾಳಿ ಅದ ತಾರಿಖ್, ಬಂಡಿ ಬಂದು ಗುದ್ದಂಗಿಲ್ಲ. ತಡೀತದ ಬಿಡು."

 ಅವನು ತೆಳು ಪೈಪೇ ಹಾಕಿದ.

ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಕಾವೇರಿ ಹೊಲಿಗೆ ಮಷೀನ್ ಬಿಟ್ಟು ಹೊರಗೆ ಬಂದಳು. ಸುತ್ತ ಒಂದು ಸಲ ನೋಡಿದಳು. "ಏನ್ರಿ ಇದು, ಗಾಡಿಗಿ ಬಾಸಿಂಗ ಕಟ್ಟೀರಿ? ಲಗ್ನ ಯಾರ ಜೋಡಿ?" ಅವ್ವನೂ ನಕ್ಕಳು. ನಗಲಿ. ಮೈಲೇಜ್ ಬರಲಿ, ಆಮೇಲೆ ನಾನು ನಗುತ್ತೇನೆ.

ಮೇ 31, ಶುಕ್ರವಾರ

ಲೀಟರಿಗೆ ಹನ್ನೆರಡೂವರೆ!! ಅದೇ ರಸ್ತೆ, ಅದೇ ಲೋಡು, ಅದೇ ಬಂಕ್. ಎರಡು ಸಲ ನೋಡಿದೆ. ಮಹಾಗಾಂವ ದಾಟಿದ ಮೇಲೂ ಗಾಡಿ ಎಳೆಯುತ್ತದೆ, ಎದೆಯ ಮೇಲಿನ ಕೈ ತೆಗೆದ ಹಾಗೆ. ಸ್ಟೇರಿಂಗ್ ಹಿಡಿದು ಒಬ್ಬನೇ ಕೂಗಿದೆ. ಪಕ್ಕದ ಬೈಕಿನವನು ಹುಚ್ಚ ಅಂದುಕೊಂಡಿರಬೇಕು.

ಸ್ಟ್ಯಾಂಡಿನಲ್ಲಿ ದೌಲಪ್ಪ ಮಾಮಾ ಜೊತೆ ವಾದ. ಕಾವೇರಿಯ ಸೋದರಮಾವ, ಅವರದೂ ಪಿಕಪ್ಪೇ. ಖಾಲಿ ಬರುವಾಗ ಹಿಂದಿನ ಬಾಗಿಲು ತೆರೆದೇ ಬರುತ್ತಾರೆ. "ತೆರದ್ರ ಗಾಳಿ ಹಿಂದಿಂದ ಹಾದು ಹೋಗ್ತದ, ಮುಚ್ಚಿದ್ರ ಗಾಳಿ ತುಂಬ್ಕೊಂಡು ಗಾಡಿ ಹಿಡೀತದ" ಎಂಬುದು ಅವರ ಪಾಠ. ಸ್ಟ್ಯಾಂಡಿನ ಅರ್ಧ ಜನರದೂ ಅದೇ ಪಾಠ.

"ಮಾಮಾ, ಮುಚ್ಚಿದ್ರ ಒಳಗಿನ ಗಾಳಿ ಅಲ್ಲೇ ಸುತ್ತು ಹಾಕ್ಕೋತ ಕುಂದರ್ತದ. ಮ್ಯಾಲಿನ ಗಾಳಿ ಅದರ ಬೆನ್ನ ಮ್ಯಾಲಿಂದ ಜಾರಿ ಹೋಗ್ತದ. ಮ್ಯಾಲ ತಾಡಪತ್ರಿ ಹೊದಿಸಿ ಬಿಗಿಯಾಗಿ ಎಳದು ಕಟ್ಟಿದ್ರ ಇನ್ನೂ ಚಲೋ."

"ಗಾಳಿ ನಿನ್ನ ಕಿವ್ಯಾಗ ಬಂದು ಹೇಳ್ಯಾದೇನು?"

ಎಲ್ಲರೂ ನಕ್ಕರು. ಆದರೆ ಸಂಜೆ ಮಾಮಾನೇ ಫೋನ್ ಮಾಡಿದರು. ತಾರಿಖ್‌ನ ಅಂಗಡಿ ರೋಜಾದಲ್ಲಿ ಎಲ್ಲಿ ಬರುತ್ತದೆ ಅಂತ.

ಜೂನ್ 9, ಭಾನುವಾರ

ಕಮಲಾಪುರ ಸ್ಟ್ಯಾಂಡಿನಲ್ಲಿ ಈಗ ಸಾಲಾಗಿ ಪತ್ರಾ. ಗಾಳಿಪತ್ರಾ ಅಂತ ಹೆಸರೂ ಬಿದ್ದಿದೆ. ಎಲ್ಲಕ್ಕೂ ಅಳತೆ ನನ್ನದು, ಪೈಪ್ ನಾನು ಹೇಳಿದ್ದು. ಮಾಮಾ ಸಿಕ್ಕವರಿಗೆಲ್ಲ ಹೇಳುತ್ತಾರೆ, "ನಮ್ಮ ಅಳಿಯ ಇಂಜಿನಿಯರ್ ಇದ್ದಂಗ, ಗಾಳಿಗೇ ದಾರಿ ತೋರ್ಸ್ಯಾನ." ಕೇಳಿದರೆ ನಾಚಿಕೆ. ಕೇಳದಿದ್ದರೆ ಬೇಜಾರು. ನಾನು ಎಂಥ ಮನುಷ್ಯ!

ಮಾಮಾನ ಪತ್ರಾದ ಮೇಲೆ ಪೇಂಟರ್ ಎರಡು ಗುಲಾಬಿ ಬರೆದಿದ್ದಾನೆ, ನಡುವೆ ಖಾಲಿ ಜಾಗ. ಮೊಮ್ಮಗಳು ಹುಟ್ಟಿದ್ದಾಳೆ, ಸೊಸೆ ಸೃಷ್ಟಿಯ ತವರು, ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ. ಆಷಾಢ ಬರುವ ಮೊದಲೇ, ಮೂವತ್ತಕ್ಕೆ ತೊಟ್ಟಿಲ ಕಾರ್ಯ. ಅಂದು ಇಟ್ಟ ಹೆಸರು ಆ ಖಾಲಿ ಜಾಗಕ್ಕೆ.

ಇನ್ನೊಂದು ಉಪಯೋಗವನ್ನೂ ಅವರೇ ಕಂಡುಹಿಡಿದರು. ತಾಡಪತ್ರಿಯ ಮುಂದಿನ ಹಗ್ಗ ಕಟ್ಟುವ ಕೊಕ್ಕೆ ಕೆಳಗೆ ಇದೆ, ಬಗ್ಗಿ ಕಟ್ಟಬೇಕು. ಪತ್ರಾದ ಕಾಲು ಕೈಗೆ ಸಿಗುವ ಎತ್ತರದಲ್ಲೇ ಇದೆ. ಮಾಮಾ ಹಗ್ಗವನ್ನು ಅದಕ್ಕೇ ಎಳೆದು ಬಿಗಿದರು. ನಾಲ್ಕು ದಿನಕ್ಕೆ ಎಲ್ಲರೂ ಅದಕ್ಕೇ ಕಟ್ಟತೊಡಗಿದರು. ನಾನೂ.

ಜೂನ್ 25, ಮಂಗಳವಾರ

ಗಾಳಿ ಜೋರಾಗಿದೆ. ತಾಡಪತ್ರಿ ಪಟಪಟ ಬಡಿದುಕೊಳ್ಳುತ್ತದೆ. ಕಾವೇರಿ ಬಟ್ಟೆ ತರಲು ಕಲಬುರಗಿಗೆ ನನ್ನ ಜೊತೆ ಬಂದಿದ್ದಳು. ಮಹಾಗಾಂವ ದಾಟಿದ ಮೇಲೆ ಕಿವಿ ನಿಮಿರಿಸಿದಳು.

"ಮ್ಯಾಲ ಏನೋ ಕಟ್ ಕಟ್ ಅನ್ನಾಕತ್ತದಲ್ರೀ."

"ಗಾಳಿ ಸಪ್ಪಳ."

"ಗಾಳಿ ಸುಯ್ ಅಂತದ. ಇದು ಕಟ್ ಅಂತದ. ನನ್ನ ಮಷೀನಿನ ಸೂಜಿ ಸಡ್ಲ ಆದ್ರ ಹಿಂಗೇ ಅಂತದ."

"ಅದು ಮಷೀನು, ಇದು ಗಾಡಿ. ಸುಮ್ ಕೂಡು."

 ಊರು ಬರುವತನಕ ಅವಳು ಮೇಲೆಯೇ ನೋಡುತ್ತಿದ್ದಳು.

ಜೂನ್ 27, ಗುರುವಾರ

ರೋಜಾದಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ದರ್ಗಾಕ್ಕೆ ಬಂದವರ ಗುರುವಾರದ ಗದ್ದಲ. ಹೇಗೋ ತಾರಿಖ್‌ನ ಅಂಗಡಿ ಸೇರಿದೆ. ಮೇಲೆ ಹತ್ತಿ ನೋಡಿದೆ. ಎಡಗಾಲಿನ ಬುಡದಲ್ಲಿ ಬಿರುಕು. ಕೂದಲೆಳೆಯಷ್ಟು, ಆದರೆ ಪೈಪಿನ ಅರ್ಧ ಸುತ್ತಿಗೂ. ಕೈಯಿಂದ ಅಲ್ಲಾಡಿಸಿದರೆ ಬಾಯಿ ಬಿಡುತ್ತದೆ.

ಗಾಳಿ ಮಾಡಿದ್ದಲ್ಲ. ಹಗ್ಗ ಮಾಡಿದ್ದು. ತಾಡಪತ್ರಿ ಒಂದೊಂದು ಸಲ ಬಡಿದಾಗಲೂ ಹಗ್ಗ ಕಾಲನ್ನು ಹಿಂದಕ್ಕೆ ಜಗ್ಗುತ್ತದೆ, ಬಿಡುತ್ತದೆ. ಜಗ್ಗುತ್ತದೆ, ಬಿಡುತ್ತದೆ. ಕಲಬುರಗಿ ಬರುವತನಕ ಎಷ್ಟು ಸಲ! ತಂತಿಯನ್ನು ಹೀಗೇ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವೆ.

ಮುರಿದರೆ ಪತ್ರಾ ಮುಂದಕ್ಕೆ ಬೀಳುವುದಿಲ್ಲ. ಹಿಂದಕ್ಕೆ, ಲೋಡಿನ ಮೇಲೆ. ಅಥವಾ ಹಿಂದೆ ಬರುವ ಬೈಕಿನವನ ಮೇಲೆ.

ತಾರಿಖ್ ದಪ್ಪ ಪಟ್ಟಿ ಇಟ್ಟು ಹೊಸ ವೆಲ್ಡಿಂಗ್ ಮಾಡಿದ. ಆಮೇಲೆ ಕನ್ನಡಕ ತೆಗೆದು ಹೇಳಿದ, "ಎಲ್ಲಾರ್ದೂ ಹಿಂಗೇ ಇರ್ತದ. ಇವತ್ತೇ ಫೋನ್ ಹಚ್ಚಿ ಕರಿ. ಹಗ್ಗರ ಬಿಚ್ಚಂತ ಹೇಳು."

"ಭಾನುವಾರ ಮಾಮಾನ ಮೊಮ್ಮಗಳ ಕಾರ್ಯ ಅದ. ಸೋಮವಾರ ಎಲ್ಲಾರ್ನೂ ಕರ್ಕೊಂಡು ಬರ್ತೀನಿ."

"ಸೋಮವಾರ ತನಕ ಗಾಳಿ ರಜಾ ಹಾಕ್ತದೇನು?"

ಸಿಟ್ಟು ಬಂತು. ಬಿರುಕನ್ನು ಕಂಡಿದ್ದಕ್ಕಿಂತ ಅವನು ಹೇಳಿದ್ದಕ್ಕೆ ಹೆಚ್ಚು ಸಿಟ್ಟು. ಪೈಪ್ ತೆಳು ಆಯಿತು ಅಂತ ಅವನು ಮೊದಲೇ ಹೇಳಿದ್ದ. ಇವತ್ತು ಅದನ್ನು ಎತ್ತಿ ಆಡಲಿಲ್ಲ. ಅದಕ್ಕೂ ಸಿಟ್ಟು.

ಜೂನ್ 28, ಶುಕ್ರವಾರ

ಹೇಳಲೆಂದೇ ಸ್ಟ್ಯಾಂಡಿಗೆ ಹೋದೆ. ಖರೇ ಹೇಳುತ್ತೇನೆ, ಹೇಳಲೆಂದೇ ಹೋದೆ.

ಮಾಮಾ ಚಹಾದ ಅಂಗಡಿಯ ಮುಂದೆ ಮೈಬೂಬನಿಗೆ ತಮ್ಮ ಪತ್ರಾ ತೋರಿಸುತ್ತಿದ್ದರು. ಅವನೂ ಪಿಕಪ್ ಓಡಿಸುತ್ತಾನೆ, ಅವನಿಗೂ ಬೇಕಂತೆ. ನನ್ನನ್ನು ಕಂಡವರೇ, "ಬಂದ್ ನೋಡ್ರೋ ನಮ್ಮ ಇಂಜಿನಿಯರ್!" ಚಹಾ ಕೈಗೆ ಬಂತು. ಎಲ್ಲರ ಮುಂದೆ ಹೇಗೆ ಹೇಳಲಿ? ನಾನು ಮಾಡಿದ್ದು ಮುರಿಯುತ್ತದೆ ಅಂತ? ಅವರದು ನನ್ನದಕ್ಕಿಂತ ಹತ್ತು ದಿನ ಹೊಸದು, ಮೂರು ದಿನ ತಡೆಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಚಹಾ ಕುಡಿದು ಬಂದೆ.

ಸೋಮವಾರ ಬೆಳಿಗ್ಗೆ ಮೊದಲ ಕೆಲಸ.

ಜೂನ್ 30, ಭಾನುವಾರ. ಬೆಳಿಗ್ಗೆ 11, ತಾಜಸುಲ್ತಾನಪುರ

ಸುಮ್ಮನೆ ಕಾಯಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಡಿಯಲ್ಲೇ ಕೂತಿದ್ದೇನೆ. ಹಿಂದೆ ಬಾಳೆ ಲೋಡು ಬಿಸಿಲಿಗೆ ಕಾಯುತ್ತಿದೆ. ಮಾರ್ಕೆಟ್ಟಿಗೆ ಹೋಗಲಿಲ್ಲ, ಸೀದಾ ಇಲ್ಲಿಗೆ ಬಂದೆ.

ಲೋಡು ತುಂಬಿಸಿ ಕಾವೇರಿಯನ್ನು ಕರೆದುಕೊಳ್ಳಲು ಮನೆಗೆ ಹೋದರೆ ಅವ್ವ ಒಬ್ಬಳೇ. "ಆಕಿ ಹೋದ್ಳಲ್ಲೋ. ದೌಲಪ್ಪನ ಗಾಡ್ಯಾಗ ಹೆಣ್ಣಮಕ್ಳೆಲ್ಲಾ ಹೊಂಟಿದ್ರು. ಕಾವೇರಿ ಇಲ್ಲಂದ್ರ ಜೋಗುಳ ಯಾರು ಹಾಡಬೇಕಂತ ಎಳಕೊಂಡು ಹೋದ್ರು."

"ಹಿಂದ ಕುಂತಾಳೋ, ಮುಂದೋ?"

"ಹಿಂದೇ. ನೆರಳಿಗಿ ತಾಡಪತ್ರಿ ಕಟ್ಯಾರ. ಯಾಕೋ ಪ್ರೇಮ, ಮಾರಿ ಯಾಕ ಹಿಂಗಾತು?"

ತಾಡಪತ್ರಿ. ಹಗ್ಗ ಎಲ್ಲಿಗೆ ಕಟ್ಟಿದ್ದಾರೆ ಅಂತ ಕೇಳುವುದೇ ಬೇಕಿರಲಿಲ್ಲ. ಅದರ ಕೆಳಗೆ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಹೆಂಗಸರು, ಮಕ್ಕಳು.

ಕಾವೇರಿಯ ಫೋನ್ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಮಾಮಾ ಗಾಡಿ ಓಡಿಸುವಾಗ ಎಂದೂ ಎತ್ತುವವರಲ್ಲ. ಲೋಡಿನ ಸಮೇತ ಎಷ್ಟು ಓಡಿಸಬಹುದೋ ಅಷ್ಟು ಓಡಿಸಿದೆ. ರಸ್ತೆಯ ಅಂಚಿನಲ್ಲಿ ಜನ ಗುಂಪುಗೂಡಿದ್ದಾರಾ ಅಂತ ನೋಡುತ್ತಾ ಬಂದೆ. ಮಹಾಗಾಂವ ಕ್ರಾಸಿನಲ್ಲಿ ಒಂದು ಗುಂಪು ಕಂಡು ಬ್ರೇಕ್ ಒತ್ತಿದೆ. ಬಸ್ಸಿಗೆ ನಿಂತವರು.

ಅವರು ನನಗಿಂತ ಮೊದಲು ಹೊರಟವರು. ದಾರಿಯಲ್ಲಿ ಎಲ್ಲೂ ಸಿಗಲಿಲ್ಲ. ಇಲ್ಲಿಗೂ ಬಂದಿಲ್ಲ. ಹಾಗಾದರೆ ಎಲ್ಲಿ?

ಸೃಷ್ಟಿಯ ತಂದೆ ಚಹಾ ತಂದರು. ಬೀಗರು ಯಾಕೆ ತಡ ಮಾಡಿದರು ಅಂತ ಕೇಳಿದರು. ಬರುತ್ತಾರೆ ಎಂದೆ. ಒಳಗೆ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದಾರೆ. ಚಹಾ ಡ್ಯಾಶ್‌ಬೋರ್ಡ್ ಮೇಲಿಟ್ಟೆ. ಗುರುವಾರ ಒಂದು ಫೋನ್. ಒಂದೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಕಾವೇರಿಗೆ ಏನಾದರೂ ಆದರೆ ನಾನು

ಬಂದರು. ಮಾಮಾನ ಗಾಡಿಯೇ. ಮೇಲೆ ಪತ್ರಾ ಇಲ್ಲ

ಜುಲೈ 1, ಸೋಮವಾರ

ಎಲ್ಲರೂ ಬದುಕಿದ್ದಾರೆ. ಮೊದಲು ಇದನ್ನು ಬರೆಯಬೇಕು.

ಕಾವೇರಿಯೇ ನಿಲ್ಲಿಸಿದ್ದು. ಮಹಾಗಾಂವ ಬರುವ ಮೊದಲೇ ಅವಳಿಗೆ ಕಟ್ ಕಟ್ ಕೇಳಿತಂತೆ. ಉಳಿದವರು ಹಾಡುತ್ತಿದ್ದರು, ಇವಳು ಹಾಡು ಬಿಟ್ಟು ಕ್ಯಾಬಿನ್ ಬಡಿದಳು. ಮಾಮಾ ಗದರಿದರು, ಹೊತ್ತಾಗಿದೆ ಎಂದರು. ನಿಲ್ಲಿಸುವತನಕ ಬಡಿಯುವುದು ಬಿಡಲಿಲ್ಲವಂತೆ. ಹೆಂಗಸರನ್ನೆಲ್ಲ ಕೆಳಗಿಳಿಸಿದಳು. ಮಾಮಾ ಸಿಟ್ಟಿನಲ್ಲೇ ಮೇಲೆ ಹತ್ತಿ ಹಗ್ಗ ಬಿಚ್ಚಿದರು. ಪತ್ರಾ ಹಾಗೇ ವಾಲಿ ಅವರ ಕೈ ಮೇಲೆ ಬಂತು. ಒಂದು ಕಾಲು ಆಗಲೇ ಪೂರ್ತಿ ತುಂಡಾಗಿತ್ತು. ಹಗ್ಗ ಹಿಡಿದುಕೊಂಡಿದ್ದರಿಂದ ನಿಂತಿತ್ತು ಅಷ್ಟೇ.

ಮಾಮಾನ ಬಲಗೈ ಅಂಗೈ ಸೀಳಿದೆ. ಮಹಾಗಾಂವ ಊರೊಳಗೆ ದವಾಖಾನೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದರು. ಅದಕ್ಕೇ ದಾರಿಯಲ್ಲಿ ಸಿಗಲಿಲ್ಲ. ಮಗುವಿಗೆ ಹೆಸರಿಟ್ಟಾಗ ಎತ್ತಿಕೊಳ್ಳಲು ಆಗಲಿಲ್ಲ ಮಾಮಾಗೆ. ಬ್ಯಾಂಡೇಜಿನ ಕೈ ಎದೆಗೆ ಇಟ್ಟುಕೊಂಡು, ಎಡಗೈ ಬೆರಳಿಂದ ಕೂಸಿನ ಗಲ್ಲ ಮುಟ್ಟಿದರು. ಆರುಷಿ ಅಂತ ಹೆಸರು.

ಎಲ್ಲರೂ ಪತ್ರಾದ ಮಾತೆತ್ತಿದರು. ಮಾಮಾನೇ ನನ್ನ ಪರ ನಿಂತರು. "ಅಳಿಯಂದೇನೂ ತಪ್ಪಿಲ್ಲ. ಆತ ಗಾಳಿಗಂತ ಮಾಡ್ಕೊಟ್ಟಾನ. ನಾ ಶಾಣ್ಯಾ ಹಗ್ಗ ಕಟ್ಟೀನಿ. ನನ್ನ ನೋಡಿ ಮಂದಿ ಕಟ್ಯಾರ. ಆತಗ ಹ್ಯಾಂಗ ಗೊತ್ತಿರ್ಬೇಕು?"

ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಊಟ ಬಡಿಸಿದರು, ಉಂಡೆ. ನನ್ನನ್ನು ನಾನು ಬೈದುಕೊಳ್ಳಲು ಹೊಸ ಬೈಗುಳ ಹುಡುಕಬೇಕು.

ವಾಪಸ್ ಬರುವಾಗ ಕಾವೇರಿ ನನ್ನ ಗಾಡಿಯಲ್ಲೇ ಬಂದಳು. ಹತ್ತುವ ಮೊದಲು ಚಕ್ರದ ಮೇಲೆ ಕಾಲಿಟ್ಟು ಮೇಲೇರಿದಳು. ನಮ್ಮ ಪತ್ರಾದ ಎಡಗಾಲನ್ನು ಬೆರಳಿಂದ ಸವರಿ ನೋಡಿದಳು. ಹೊಸ ಪಟ್ಟಿ. ಬಣ್ಣ ಕೂಡ ಹಚ್ಚಿಲ್ಲ, ಫಳಫಳ ಹೊಳೆಯುತ್ತಿದೆ.

"ಇದನ್ನ ಯಾವಾಗ ಮಾಡ್ಸಿದ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದಳೋ ಏನೋ.

"ಗುರುವಾರ."

"ಗುರುವಾರ," ಎಂದಳು ಅವಳೂ. ಕೆಳಗಿಳಿದು ಸೀಟಿನಲ್ಲಿ ಕೂತಳು.  ಕಮಲಾಪುರ ಬರುವತನಕ ಮೇಲೆ ಗಾಳಿ ಸುಯ್ ಅನ್ನುತ್ತಿತ್ತು. ಬೇರೆ ಸಪ್ಪಳ ಯಾವುದೂ ಇರಲಿಲ್ಲ.

ಜುಲೈ 2, ಮಂಗಳವಾರ, ಬೆಳಿಗ್ಗೆ

ನಿನ್ನೆ ಎಲ್ಲ ಡ್ರೈವರುಗಳಿಗೂ ಫೋನ್ ಮಾಡಿದೆ. ಹಗ್ಗ ಬಿಚ್ಚಿ, ಪತ್ರಾ ಇಳಿಸಿ, ತಾರಿಖ್ ಹತ್ತಿರ ಬನ್ನಿ, ದಪ್ಪ ಪೈಪ್ ಹಾಕಿಸಿಕೊಡುತ್ತೇನೆ. ಶನಿವಾರವಷ್ಟೇ ಹಾಕಿಸಿಕೊಂಡಿದ್ದ ಮೈಬೂಬ ಬೈದ. ಬೈಯಲಿ. ಇನ್ನೂ ಇಬ್ಬರ ಗಾಡಿಯಲ್ಲಿ ಬಿರುಕು ಸಿಕ್ಕಿದೆ.

ದೌಲಪ್ಪ ಮಾಮಾಗೆ ಫೋನ್ ಮಾಡಿಲ್ಲ. ಅದು ಫೋನಿನಲ್ಲಿ ಹೇಳುವ ಮಾತಲ್ಲ. ಅವರ ಅಂಗಳದಲ್ಲಿ ಪತ್ರಾ ಗೋಡೆಗೆ ಒರಗಿಸಿ ಇಟ್ಟಿದ್ದಾರಂತೆ. ಎರಡು ಗುಲಾಬಿ, ನಡುವೆ ಖಾಲಿ. ಸಂಜೆ ಪೇಂಟರ್‌ನನ್ನು ಬರಹೇಳಿದ್ದಾರಂತೆ, ಹೆಸರು ಬರೆಸಲು. ಕೈ ವಾಸಿಯಾದ ಮೇಲೆ ಅಳಿಯನೇ ಮತ್ತೆ ಕೂರಿಸಿಕೊಡುತ್ತಾನೆ ಅಂತ ಹೇಳುತ್ತಿದ್ದಾರಂತೆ.

ಕಾವೇರಿ ಚಹಾ ತಂದಿಟ್ಟಳು. ಭಾನುವಾರದಿಂದ ಇದೇ ಮೊದಲ ಮಾತು.

"ಮಾಮಾಗ ನೀವು ಹೇಳ್ತೀರೋ, ನಾ ಹೇಳ್ಲೋ?"

ನಾನೇ ಹೇಳುತ್ತೇನೆ ಎಂದೆ. ಎದ್ದು ಹೋಗಿ ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ನಿಂತಿದ್ದಾಳೆ, ಈ ಕಡೆ ನೋಡುತ್ತಿಲ್ಲ.

ಎಲ್ಲಿಂದ ಶುರು ಮಾಡಲಿ? ಇಲ್ಲೇ ಒಂದು ಸಲ ಬರೆದು ನೋಡುತ್ತೇನೆ, ಅಲ್ಲಿ ಬಾಯಿ ತಪ್ಪಬಾರದು.

ಮಾಮಾ, ಹಗ್ಗ ಕಟ್ಟಿದ್ದು ನಿಮ್ಮ ತಪ್ಪಲ್ಲ. ನನಗ ಗುರುವಾರನೇ