ಗೋಪುರದಿಂದ ನಲವತ್ತೆರಡು ಹೆಜ್ಜೆ

ಸಾಂತಾ ಪ್ರಿಸ್ಕಾ, ಪಂಪಾಂಗಾ
ಅಕ್ಟೋಬರ್ 19, 2009

ಪ್ರೀತಿಯ ಕರಿದಾದ್,

ಹದಿಮೂರು ವರ್ಷಗಳ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ. ಹರಿದು ಎಸೆಯಬೇಕೆನಿಸಿದರೆ ಎಸೆ, ಆದರೆ ಪೂರ್ತಿ ಓದಿದ ಮೇಲೆ.

ನಾನೀಗ ಊರಿನ ಗೈಡು. ನಗಬೇಡ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಹೇಳಿದ ಇತಿಹಾಸವನ್ನು ಮನಿಲಾದ ಕಾಲೇಜು ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಸ್ಪೇನಿನ ಪಾದ್ರಿಗಳು ಚರ್ಚು ಕಟ್ಟಿದ್ದು, ಪಿನಟೂಬೊ ಬೆಟ್ಟ ಸಿಡಿದದ್ದು, ನಾಲ್ಕು ವರ್ಷದ ಮೇಲೆ ಮಳೆಗೆ ಅದರ ಬೂದಿಯೆಲ್ಲ ಕೆಸರಾಗಿ ಹೊಳೆ ಮೀರಿ ಊರಿಗೆ ನುಗ್ಗಿದ್ದು, ಎಲ್ಲ ಹೇಳುತ್ತೇನೆ. ಚರ್ಚಿನ ಅಂದಿನ ಕಿಟಕಿಯೇ ಈಗಿನ ಬಾಗಿಲು ಎಂದರೆ ಅವರು ಬಗ್ಗಿ ಒಳಗೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಮದುವೆಗೆ ನಿಂತ ನೆಲ ಅವರ ಕಾಲಿಗಿಂತ ಇಪ್ಪತ್ತು ಅಡಿ ಕೆಳಗಿದೆ. ಅದನ್ನು ಮಾತ್ರ ಹೇಳುವುದಿಲ್ಲ.

ಸ್ಮಶಾನವೂ ಹೂತುಹೋಯಿತಲ್ಲ, ಸತ್ತವರ ಹಬ್ಬದ ದಿನ ಎಲ್ಲರೂ ಗಂಟೆಗೋಪುರದಿಂದ ಹೆಜ್ಜೆ ಎಣಿಸಿ, ತಮ್ಮ ತಮ್ಮ ಮನೆ ಇದ್ದ ಕಡೆ ಮರಳಿನ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ನಮ್ಮ ಮನೆ ದಕ್ಷಿಣಕ್ಕೆ ನಲವತ್ತೆರಡು ಹೆಜ್ಜೆ. ನಾನು ಒಂದು ವರ್ಷವೂ ಅಲ್ಲಿ ಹಚ್ಚಲಿಲ್ಲ, ಸೇತುವೆಯ ಹತ್ತಿರ ಹೋಗಿ ಹಚ್ಚುತ್ತಿದ್ದೆ. ಪಕ್ಕದ ಮನೆಯ ಎಪಿಫಾನಿಯಾ ಅಜ್ಜಿ ಬಿಡುತ್ತಾಳೆಯೇ? "ಮನೆ ಬಿಟ್ಟು ಹೊಳೇಲಿ ಯಾಕೋ ದೀಪ ಹಚ್ತೀಯ? ಮೀನಿಗೆ ಕಣ್ಣು ಕಾಣ್ಲಿ ಅಂತಾನಾ?" ಎಂದು ಪ್ರತಿ ವರ್ಷ ಚುಚ್ಚುತ್ತಾಳೆ. ಮಗಳು ಹೋದದ್ದು ಆ ಕಡೆಗೇ ಅಲ್ಲವೇ ಎಂದು ನಾನೂ ಪ್ರತಿ ವರ್ಷ ಹೇಳುತ್ತಿದ್ದೆ.

ಹೋದ ವಾರ ಪುರಸಭೆಯವರು ಪ್ರವಾಸಿಗಳು ನಿಂತು ನೋಡಲೆಂದು ಒಂದು ಅಟ್ಟಣೆ ಕಟ್ಟಿಸಲು ಆಳವಾದ ಗುಂಡಿ ತೋಡಿಸಿದರು. ಸರಿಯಾಗಿ ಆ ನಲವತ್ತೆರಡನೇ ಹೆಜ್ಜೆಯಲ್ಲೇ. ಬೇರೆ ಕಡೆ ತೋಡಿ ಎಂದೆ. ಅವರು ಕೇಳದೆ ತೋಡಿದರು. ಮೊದಲು ಮಾಡಿನ ತಗಡು ಸಿಕ್ಕಿತು. ಅದರ ಕೆಳಗೆ ನಮ್ಮ ಕಬ್ಬಿಣದ ಮಂಚ.

ಕರಿದಾದ್, ಡಿವಿನಾ ಮಂಚದ ಮೇಲೇ ಇದ್ದಳು. ಎಂಟು ವರ್ಷದ ಮಗುವಿನ ಎಲುಬು ಎಂದು ಡಾಕ್ಟರು ಹೇಳಿದರು. ನೀನು ಸಂತೆಯಿಂದ ಬರುವುದು ತಡವಾಯಿತೆಂದು ಅವಳು ನಿನ್ನನ್ನು ಹುಡುಕಿಕೊಂಡು ಸೇತುವೆಗೆ ಓಡಿದಳು ಎಂದು ಅಂದು ನಾನು ಹೇಳಿದೆನಲ್ಲ, ಅದು ಸುಳ್ಳು. ನಿನ್ನ ಸಂತೆಗೂ ಅವಳ ಸಾವಿಗೂ ಸಂಬಂಧವಿಲ್ಲ. ಅವಳಿಗೆ ಜ್ವರ ಬಂದಿತ್ತು. ಚರ್ಚಿನ ಗಂಟೆ ಹೊಡೆದುಕೊಂಡಾಗ, ಗೋಪುರದಲ್ಲಿ ಜಾಗ ನೋಡಿ ಬಂದು ಎತ್ತಿಕೊಂಡು ಹೋಗುತ್ತೇನೆ ಎಂದೆ.

"ಬೇಗ ಬಾ ಅಪ್ಪ. ನಾನು ಮಂಚ ಬಿಟ್ಟು ಇಳಿಯಲ್ಲ" ಅಂದಳು.

ನಾನು ಗೋಪುರದಿಂದ ಇಳಿಯುವಷ್ಟರಲ್ಲಿ ಕೆಸರು ಎದೆಮಟ್ಟ ಬಂದಿತ್ತು. ಅವಳು ಮಾತಿಗೆ ತಪ್ಪಲಿಲ್ಲ.

ನೀನು ಅವಳ ಫೋಟೋ ಹಿಡಿದು ಅನಾಥಾಲಯಗಳನ್ನೆಲ್ಲ ಸುತ್ತಿದ್ದು ನನಗೆ ಗೊತ್ತು. ಈಗಲೂ ಇಪ್ಪತ್ತೆರಡರ ಹುಡುಗಿ ಯಾರಾದರೂ ಕಂಡರೆ ಜೀಪ್ನಿ ಗಾಡಿಯಿಂದ ಇಳಿದು ಹಿಂದೆ ಹೋಗುತ್ತೀಯಂತೆ, ನಿನ್ನ ತಂಗಿ ಅಳುತ್ತಾ ಹೇಳಿದಳು. ಅದನ್ನು ಕೇಳಿಯೂ ಎರಡು ವರ್ಷ ಸುಮ್ಮನಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಇನ್ನು ಹುಡುಕಬೇಡ.

ಮೇಯರ್ ಕಡೆಯವರು ಗುಂಡಿಗೆ ಗಾಜು ಹಾಕಿ ಅವಳನ್ನು ಹಾಗೇ ತೋರಿಸೋಣ, ಊರಿನ ಪುಸ್ತಕದಲ್ಲೂ ಹಾಕೋಣ ಎನ್ನುತ್ತಿದ್ದಾರೆ. ಅಪ್ಪ, ಅಮ್ಮ ಇಬ್ಬರ ಸಹಿಯೂ ಬೇಕಂತೆ. ನಾನು ಹಾಕಿಲ್ಲ. ನಿನ್ನ ಹತ್ತಿರ ಬಂದರೆ ನೀನೂ ಹಾಕಬೇಡ. ನವೆಂಬರ್ ಎರಡಕ್ಕೆ ಬಾ, ಇಬ್ಬರೂ ನಿಂತು ಮಣ್ಣು ಮಾಡೋಣ. ನೀನು ಬರುವವರೆಗೆ ಗುಂಡಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ.

ಇನ್ನೂ ನಿನ್ನ ಗಂಡನೇ ಆಗಿರುವ
ಫ್ರೋಯ್ಲಾನ್

ತಾ.ಕ.: ಗೋಪುರದಲ್ಲಿ ಜಾಗ ನೋಡಲು ಹೋದೆ ಎಂದು ಮೇಲೆ ಬರೆದಿದ್ದೇನೆ. ಹೊಡೆದು ಹಾಕಿ ಬೇರೆ ಹಾಳೆ ತೆಗೆದುಕೊಂಡರೆ ಮತ್ತೆ ಬರೆಯಲಾರೆ, ಅದಕ್ಕೆ ಇಲ್ಲೇ ಹೇಳುತ್ತೇನೆ. ನನ್ನ ಎರಡೂ ಕಂಕುಳಲ್ಲಿ ಕಾಳಗದ ಹುಂಜಗಳಿದ್ದವು. ಅವನ್ನು ಮೇಲೆ ಕಟ್ಟಿ ಬಂದು ಮಗುವನ್ನು ಒಯ್ದರಾಯಿತು ಅಂದುಕೊಂಡೆ. ಎರಡೂ ಬದುಕಿದವು. ಕೆಂಪನೆಯದು ಆ ಕ್ರಿಸ್‌ಮಸ್ಸಿನ ಕಾಳಗದಲ್ಲಿ ಗೆದ್ದಿತು. ನೀನು ಮನಿಲಾಕ್ಕೆ ಹೊರಟ ದಿನ ಬಸ್ಸಿಗೆಂದು ನಿನ್ನ ಕೈಗೆ ಕೊಟ್ಟದ್ದು ಆ ಹಣವೇ.