ಸಸಿಗೆ ಗೂಡು ಯಾಕಜ್ಜಿ?

ಅಜ್ಜಂಪುರ, ಶುಕ್ರವಾರ

ಮಗಳು ಸೌಮ್ಯಳಿಗೆ ಅವ್ವನ ಆಶೀರ್ವಾದ.

ಫೋನ್ ಸದಾ ನಿನ್ನ ಮಗನ ಕೈಯಲ್ಲೇ ಇರುತ್ತೆ. ಅದಕ್ಕೇ ಈ ಕಾಗದವನ್ನು ತರೀಕೆರೆ ಬಸ್ಸಿನ ಕಂಡಕ್ಟರ್ ಹತ್ತಿರ ಕಳಿಸಿದ್ದೇನೆ.

ಮನ್ವಿತ್ ಚೆನ್ನಾಗಿದ್ದಾನೆ. ನಮ್ಮ ಬೀದಿಯಲ್ಲಿ ಈಗ ಒಲೆ ಹೊತ್ತುವುದು ಎರಡೇ ಮನೆಯಲ್ಲಿ, ಹಾಗಾಗಿ ರಜೆಯೆಲ್ಲ ಪಕ್ಕದ ಮನೆ ಷಣ್ಮುಖಪ್ಪಣ್ಣನ ಬಾಲವಾಗಿದ್ದಾನೆ. ಇಬ್ಬರೂ ಸೇರಿ ಹೆಂಚು ಹೊದಿಸಿದರು, ನಾಗರಹಾವು ಓಡಿಸಿದರು. ಈಗ ಹಿತ್ತಲಲ್ಲಿ ತೆಂಗಿನ ಸಸಿಗೆಂದು ಗುಂಡಿ ತೋಡುತ್ತಿದ್ದಾರೆ.

ನಿನ್ನೆ ಊಟಕ್ಕೆ ಕೂತಾಗ ನಗುತ್ತಾ ಹೇಳಿದ: “ಗುಂಡಿ ನನ್ನೆತ್ತರ ಆಯ್ತು. ಅದ್ರೊಳಗೆ ಪಕ್ಕದ ಗೋಡೇಲಿ ಗೂಡು ಬೇರೆ ಕೊರೆಸಿದ್ರು. ‘ಗೂಡಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊಳ್ಳೋ, ತಲೆ ತಾಗುತ್ತಾ ನೋಡನ’ ಅಂದ್ರು ತಾತ. ಸಸಿಗೆ ಗೂಡು ಯಾಕಜ್ಜಿ?”

ನಿಮ್ಮಪ್ಪನನ್ನು ಕೂರಿಸಿ ಮಣ್ಣು ಮಾಡಿದ್ದು ಅಂಥದೇ ಗೂಡಿನಲ್ಲಿ.

ಷಣ್ಮುಖಪ್ಪಣ್ಣ ಹೋದ ವಾರ ತಮ್ಮ ಹಸುವನ್ನು ಮಠಕ್ಕೆ ಬಿಟ್ಟುಬಂದರು. ಮೂರು ದಿನದಿಂದ ನಾನು ಕೊಟ್ಟ ರೊಟ್ಟಿ ಹಾಗೇ ವಾಪಸು ಬರುತ್ತಿದೆ. “ಸೋಮವಾರ ನೆಡೋದು ಕಣೇ ತೀರ್ಥಮ್ಮ” ಅನ್ನುತ್ತಾರೆ. ಸಸಿ ಎಲ್ಲಿ ಅಂದರೆ ಸುಮ್ಮನೆ ನಗುತ್ತಾರೆ.

ಭಾನುವಾರವೇ ನೀನೂ ಅಳಿಯಂದಿರೂ ಬನ್ನಿ. ಹುಡುಗನಿಗೆ ಏನೂ ಹೇಳಬೇಡಿ. ಮರೆಯದೆ ಒಂದು ತೆಂಗಿನ ಸಸಿ ತನ್ನಿ. ತೋಡಿದ ಗುಂಡಿಯನ್ನು ಮುಚ್ಚಲೇಬೇಕಲ್ಲ. ಮನ್ವಿತ್ ಮಣ್ಣೆಳೆಯುವಾಗ ಒಳಗೆ ಸಸಿಯೇ ಇರಲಿ.

ನಿನ್ನ ದಾರಿ ಕಾಯುವ ಅವ್ವ,
ತೀರ್ಥಮ್ಮ